ಹೊಗೆ ಓದುವ ಸೆನ್ಸರ್: ಇ20 ಪೆಟ್ರೋಲು, ಹಳೆ ಗಾಡಿ ಮತ್ತು ವೈಡ್‌ಬ್ಯಾಂಡ್ ಮೀಟರು

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಯೊಂದನ್ನು ನಿಲ್ಲಿಸಿ, "ಪಿಕಪ್ಪೇ ಇಲ್ಲ, ಬೆಳಿಗ್ಗೆ ಸ್ಟಾರ್ಟಿಗೆ ಸತಾಯಿಸುತ್ತೆ, ಆಕ್ಸಿಲರೇಟರ್ ಕೊಟ್ಟರೆ ಮುಗ್ಗರಿಸುತ್ತೆ" ಅಂದರೆ ಈಗೀಗ ಸಿಗುವ ಉತ್ತರ ಒಂದೇ: "ಪೆಟ್ರೋಲ್ ಬದಲಾಗಿದೆಯಲ್ಲ ಸಾರ್, ಲೀನ್ ಓಡ್ತಾ ಇದೆ." ಲೀನ್ ಅಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ, ಗಾಳಿ ಹೆಚ್ಚು. ಬಹಳ ಸಲ ಆ ಉತ್ತರ ಸರಿಯೇ. ಆದರೆ ಎಷ್ಟು ಲೀನ್? ಪೆಟ್ರೋಲ್ ಹಾಯುವ ತೂತಿನ ಬಿಡಿಭಾಗವಾದ ಜೆಟ್ ಒಂದು ಸೈಜ್ ಏರಿಸಿದರೆ ಸಾಕೋ, ಮೂರು ಸೈಜ್ ಬೇಕೋ? ಪ್ಲಗ್ ಬಿಚ್ಚಿ ಬಣ್ಣ ನೋಡುವ ಹಳೆ ಪದ್ಧತಿ ಅಂದಾಜು ಹೇಳುತ್ತದೆ, ಅಳತೆ ಹೇಳುವುದಿಲ್ಲ. ಎಥನಾಲ್ ಬೆರೆತ ಇ20 ಪೆಟ್ರೋಲ್ ಮಸಿ ಕಡಿಮೆ ಬಿಡುವುದರಿಂದ ಆ ಅಂದಾಜೂ ಈಗ ಮೊದಲಿನಷ್ಟು ನಂಬಿಕೆಯದಲ್ಲ.

ಅಳತೆಯೇ ಬೇಕು ಅನ್ನುವವರು ಕೇಳುತ್ತಿರುವ ಹೆಸರು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಎಂಜಿನ್ನಿನಿಂದ ಹೊರಬರುವ ಹೊಗೆಯ ದಾರಿಯಲ್ಲಿ ಕೂರಿಸುವ, ಸ್ಪಾರ್ಕ್ ಪ್ಲಗ್ಗಿನ ಅಣ್ಣನಂತೆ ಕಾಣುವ ಸಾಮಾನು ಇದು. ಹಾಕಿದ ತಕ್ಷಣ ಗಾಡಿ ಟ್ಯೂನ್ ಆಗಿಬಿಡುತ್ತದೆ ಎಂದುಕೊಂಡು ಕೊಳ್ಳುವವರಿದ್ದಾರೆ. ಅದು ಟ್ಯೂನ್ ಮಾಡುವುದಿಲ್ಲ. ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ, ಇಲ್ಲವೇ ಎಷ್ಟು ಸಾಲದೆ ಹೋಗಿದೆ ಎಂಬ ಒಂದೇ ಸಂಗತಿ ಹೇಳುತ್ತದೆ. ಯಾಕೆ ಹಾಗಾಯಿತು ಎಂಬುದು ನಮ್ಮ ತಲೆಗೆ ಬಿಟ್ಟದ್ದು.

ಹದ ಅಂದರೆ ಏನು

ಮಳೆಗಾಲದಲ್ಲಿ ಬಚ್ಚಲು ಒಲೆಗೆ ಬೆಂಕಿ ಹಚ್ಚಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸೌದೆಯನ್ನು ಒತ್ತೊತ್ತಾಗಿ ತುರುಕಿದರೆ ಗಾಳಿ ಸಾಲದೆ ಹೊಗೆ ಮನೆಯೆಲ್ಲ ತುಂಬುತ್ತದೆ, ಹಂಡೆಯ ತಳಕ್ಕೆ ಮಸಿ ಮೆತ್ತುತ್ತದೆ. ಒಂದೇ ಕೊಳ್ಳಿ ಇಟ್ಟು ಊದುಗೊಳವೆಯಲ್ಲಿ ಊದುತ್ತ ಕೂತರೆ ಉರಿ ಚುರುಕಾಗಿ ಕಂಡರೂ ನೀರು ಕಾಯುವುದಿಲ್ಲ. ಎಂಜಿನ್ನಿನಲ್ಲೂ ಅಷ್ಟೆ. ಪೆಟ್ರೋಲ್ ಹೆಚ್ಚಾದರೆ ರಿಚ್, ಗಾಳಿ ಹೆಚ್ಚಾದರೆ ಲೀನ್.

ಶುದ್ಧ ಪೆಟ್ರೋಲ್ ಒಂದು ಗ್ರಾಂ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಬೇಕು. ಲೆಕ್ಕ ತೂಕದ್ದು, ಗಾತ್ರದ್ದಲ್ಲ. ಒಂದು ಲೀಟರ್ ಪೆಟ್ರೋಲಿಗೆ ಸುಮಾರು 11 ಕೆಜಿ ಗಾಳಿ ಬೇಕು, ಅಂದರೆ 9 ಸಾವಿರ ಲೀಟರಿನಷ್ಟು. ಗಾಳಿ ಮತ್ತು ಪೆಟ್ರೋಲಿನ ತೂಕದ ಈ ಅನುಪಾತವನ್ನೇ ಏರ್‌-ಫ್ಯೂಯೆಲ್ ರೇಷಿಯೋ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಎ.ಎಫ್.ಆರ್.

ಇನ್ನೊಂದು ಮಾತು ಲ್ಯಾಮ್ಡಾ. ಎಂಜಿನ್ನಿಗೆ ಸಿಕ್ಕ ಗಾಳಿಯನ್ನು ಬೇಕಾಗಿದ್ದ ಗಾಳಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. 1 ಬಂದರೆ ಸರಿ ಹದ. 0.90 ಅಂದರೆ ಗಾಳಿ ನೂರಕ್ಕೆ ಹತ್ತು ಪಾಲು ಕಡಿಮೆ, ರಿಚ್. 1.10 ಅಂದರೆ ಹತ್ತು ಪಾಲು ಹೆಚ್ಚು, ಲೀನ್. ಇಂಧನ ಯಾವುದೇ ಇರಲಿ, ಲ್ಯಾಮ್ಡಾದ ಅರ್ಥ ಬದಲಾಗುವುದಿಲ್ಲ. ಎ.ಎಫ್.ಆರ್. ಬದಲಾಗುತ್ತದೆ. ಇ20 ಬಂದ ಮೇಲೆ ಎಲ್ಲರೂ ಎಡವುತ್ತಿರುವುದು ಇಲ್ಲೇ.

ಇ20 ಬಂದು ಆದದ್ದೇನು

2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಎರಡೇ ವರ್ಷದಲ್ಲಿ ಅದು ಸಾಮಾನ್ಯ ಬಂಕಿನ ಸಾಮಾನ್ಯ ಪೆಟ್ರೋಲ್ ಆಯಿತು. ಗಾತ್ರದ ಲೆಕ್ಕದಲ್ಲಿ ನೂರರಲ್ಲಿ 20 ಪಾಲು ಎಥನಾಲ್. ಎಥನಾಲಿನ ಅಣುವಿನೊಳಗೆ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು: ಒಂದು ಗ್ರಾಂಗೆ 9 ಗ್ರಾಂ. ಎರಡನ್ನೂ ಬೆರೆಸಿ ಲೆಕ್ಕ ಹಾಕಿದರೆ ಇ20ಕ್ಕೆ ಬೇಕಾಗುವುದು 14.7 ಅಲ್ಲ, ಸುಮಾರು 13.5.

ಹಳೆ ಕಾರ್ಬ್ಯುರೇಟರಿಗೆ ಇದೊಂದೂ ಗೊತ್ತಿಲ್ಲ. ಜೆಟ್ಟಿನ ತೂತು ಹಿಂದಿನಷ್ಟೇ ದೊಡ್ಡದು, ಸುರಿಯುವ ಇಂಧನವೂ ಹೆಚ್ಚುಕಡಿಮೆ ಹಿಂದಿನಷ್ಟೇ. ಎಥನಾಲ್ ತುಸು ಭಾರವಾದ್ದರಿಂದ ತೂಕದಲ್ಲಿ ನೂರಕ್ಕೆ ಒಂದು ಪಾಲು ಜಾಸ್ತಿ ಹೋಗಬಹುದು, ಅಷ್ಟೆ. ಹಾಗಾಗಿ ಶುದ್ಧ ಪೆಟ್ರೋಲಿನಲ್ಲಿ ಲ್ಯಾಮ್ಡಾ 1.00ಕ್ಕೆ ಕೂರಿಸಿದ್ದ ಗಾಡಿ ಇ20ರಲ್ಲಿ 1.07ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನೂರಕ್ಕೆ ಏಳು ಪಾಲು ಲೀನ್. ಮೊದಲೇ ಸ್ವಲ್ಪ ರಿಚ್ ಇದ್ದ ಗಾಡಿಗೆ ಇದು ಒಳ್ಳೆಯದೇ ಆಗಬಹುದು. ಮೈಲೇಜ್ ಆಸೆಗೆ ಮೊದಲೇ ಲೀನ್ ಮಾಡಿಸಿಕೊಂಡಿದ್ದ ಗಾಡಿ ಮಾತ್ರ ಮುಗ್ಗರಿಸಲು ಶುರುಮಾಡುತ್ತದೆ.

ಇನ್ನೊಂದು ಗೊಂದಲ ಸೆನ್ಸರಿನ ಅಳತೆ ತೋರಿಸುವ ಮೀಟರಿನದು. ಬಹುತೇಕ ಮೀಟರುಗಳು ಒಳಗೆ ಲ್ಯಾಮ್ಡಾವನ್ನೇ ಅಳೆದು, ಅದನ್ನು 14.7ರಿಂದ ಗುಣಿಸಿ ಎ.ಎಫ್.ಆರ್. ಎಂದು ತೋರಿಸುತ್ತವೆ. ಟ್ಯಾಂಕಿನಲ್ಲಿ ಇ20 ಇದ್ದು ಮಿಶ್ರಣ ಸರಿ ಹದಕ್ಕಿದ್ದರೂ ಮೀಟರಿನಲ್ಲಿ ಕಾಣುವುದು 14.7 ಮಾತ್ರ. "ಇ20ಕ್ಕೆ 13.5 ಸರಿ ಅಂತ ಓದಿದ್ದೆ" ಎಂದು ಮೀಟರಿನಲ್ಲಿ 13.5 ಬರುವವರೆಗೆ ಜೆಟ್ ಏರಿಸಿದರೆ ನಿಜದಲ್ಲಿ ಲ್ಯಾಮ್ಡಾ 0.92ಕ್ಕೆ ಇಳಿದಿರುತ್ತದೆ. ಸಾದಾ ಓಟಕ್ಕೆ ಅದು ಪೆಟ್ರೋಲ್ ದಂಡ. ಮೀಟರಿನ ಸೆಟ್ಟಿಂಗಿನಲ್ಲಿ ಲ್ಯಾಮ್ಡಾ ತೋರಿಸುವ ಆಯ್ಕೆ ಇದ್ದರೆ ಮೊದಲ ದಿನವೇ ಅದಕ್ಕೆ ಬದಲಿಸಿಕೊಳ್ಳಿ, ತಲೆನೋವು ಅರ್ಧ ಕಡಿಮೆಯಾಗುತ್ತದೆ. ಮುಂದಿನ ಸಂಖ್ಯೆಗಳೆಲ್ಲ ಲ್ಯಾಮ್ಡಾದಲ್ಲೇ ಇವೆ.

ಎರಡು ಜಾತಿಯ ಸೆನ್ಸರ್

ಕಂಪ್ಯೂಟರ್ ಹೇಳಿದಷ್ಟು ಪೆಟ್ರೋಲನ್ನು ಚಿಮುಕಿಸುವ ಇಂಜೆಕ್ಷನ್ ಗಾಡಿಗಳಲ್ಲಿ ಕಂಪನಿಯಿಂದಲೇ ಬರುವ ಸೆನ್ಸರ್ ಹೆಚ್ಚಾಗಿ ನ್ಯಾರೋಬ್ಯಾಂಡ್. ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಚೆನ್ನಾಗಿ ಕಾದಾಗ ತನ್ನ ಮೂಲಕ ಆಮ್ಲಜನಕದ ಅಯಾನುಗಳನ್ನು (ವಿದ್ಯುತ್ ಹೊತ್ತ ಕಣಗಳನ್ನು) ಹಾಯಗೊಡುತ್ತದೆ. ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಾಳಿ. ಎರಡೂ ಕಡೆಯ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ ಅಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ರಿಚ್ ಇದ್ದರೆ ಸುಮಾರು 0.9 ವೋಲ್ಟ್, ಲೀನ್ ಇದ್ದರೆ 0.1. ನಡುವಿನ 0.45 ಹತ್ತಿರ ಲ್ಯಾಮ್ಡಾ 1. ತೊಂದರೆ ಏನೆಂದರೆ ಆ 0.9ರಿಂದ 0.1ಕ್ಕೆ ಜಿಗಿತ ಬಹುತೇಕ ಒಂದೇ ಏಟಿಗೆ ಆಗಿಬಿಡುತ್ತದೆ. ಸಾರಿಗೆ ಉಪ್ಪು ಹೆಚ್ಚಾಯಿತು ಅಥವಾ ಸಾಲದು ಎಂದಷ್ಟೇ ಹೇಳಿ, ಎಷ್ಟು ಎಂದು ಹೇಳದ ನೆಂಟರ ಹಾಗೆ. 1976ರಿಂದ ಕಾರುಗಳಲ್ಲಿರುವ ಈ ಜಾತಿ ತನ್ನ ಕೆಲಸಕ್ಕೆ ಸಾಕು. ಗಾಡಿಯ ಕಂಪ್ಯೂಟರ್ ಪೆಟ್ರೋಲನ್ನು ಒಮ್ಮೆ ಏರಿಸಿ ಒಮ್ಮೆ ಇಳಿಸಿ 1ರ ಸುತ್ತ ತೂಗುತ್ತಿರುತ್ತದೆ. ಫುಲ್ ಥ್ರಾಟಲ್ಲಿನಲ್ಲಿ, ಅಂದರೆ ಆಕ್ಸಿಲರೇಟರ್ ಪೂರ್ತಿ ತೆರೆದಾಗ, 0.87 ಇದೆಯೋ 0.80 ಇದೆಯೋ ಎಂದು ಕೇಳಿದರೆ ಅದರ ಬಳಿ ಉತ್ತರವಿಲ್ಲ.

ವೈಡ್‌ಬ್ಯಾಂಡ್ ಇದೇ ಪಿಂಗಾಣಿಗೆ ಒಂದು ಪಂಪನ್ನು ಸೇರಿಸಿದ್ದು. ತೋಟದ ಅಂಚಿನ ಒರತೆ ಗುಂಡಿಯನ್ನು ಕಣ್ಣಮುಂದೆ ತಂದುಕೊಳ್ಳಿ. ಗುಂಡಿಯ ನೀರು ಗೆರೆ ಎಳೆದ ಮಟ್ಟದಲ್ಲೇ ನಿಲ್ಲಬೇಕೆಂದು ಮೋಟರ್ ಕೂರಿಸಿದ್ದೀರಿ. ಒರತೆ ಜೋರಾದರೆ ಮೋಟರ್ ಹೆಚ್ಚು ಎತ್ತಬೇಕು. ಮಟ್ಟ ಇಳಿದರೆ ಅದೇ ಮೋಟರ್ ತಿರುಗಿ ನೀರು ಒಳಗೆ ಬಿಡಬೇಕು. ಮಟ್ಟ ಅಲುಗುವುದೇ ಇಲ್ಲವಾದ್ದರಿಂದ ಅದನ್ನು ನೋಡಿ ಏನೂ ತಿಳಿಯುವುದಿಲ್ಲ, ಆದರೆ ಮೋಟರ್ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡಿದರೆ ಒರತೆ ಎಷ್ಟೆಂದು ತಿಳಿಯುತ್ತದೆ. ಸೆನ್ಸರಿನೊಳಗೂ ಇಂಥದೊಂದು ಪುಟ್ಟ ಕೋಣೆ ಇದೆ. ಸಣ್ಣ ರಂಧ್ರದಿಂದ ಹೊಗೆ ಅದರೊಳಗೆ ಇಳಿಯುತ್ತದೆ. ಕಂಟ್ರೋಲರ್ ಎಂಬ ಪೆಟ್ಟಿಗೆ ಆ ಕೋಣೆಯ ವೋಲ್ಟೇಜನ್ನು 0.45ರಲ್ಲೇ ಹಿಡಿದಿಡಲು ಆಮ್ಲಜನಕವನ್ನು ಹೊರಗೆ ಅಥವಾ ಒಳಗೆ ಪಂಪ್ ಮಾಡುತ್ತದೆ. ಅದಕ್ಕೆ ಬೇಕಾದ ಕರೆಂಟೇ ಅಳತೆ. ಲೀನ್ ಇದ್ದರೆ ಕರೆಂಟ್ ಒಂದು ದಿಕ್ಕಿಗೆ, ರಿಚ್ ಇದ್ದರೆ ಇನ್ನೊಂದು ದಿಕ್ಕಿಗೆ, ಲ್ಯಾಮ್ಡಾ 1ರಲ್ಲಿ ಸೊನ್ನೆ. ಹೀಗಾಗಿ 0.65ರಿಂದ ಹಿಡಿದು ಬರೀ ಗಾಳಿಯವರೆಗೆ ಸಂಖ್ಯೆ ಸಿಗುತ್ತದೆ.

ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವುದು ಬಾಷ್‌ನ ಎಲ್‌ಎಸ್‌ಯು 4.9, ಅದಕ್ಕಿಂತ ಹಳೆಯದು 4.2. ಎರಡರ ಪಿನ್ನೂ ಬೇರೆ, ಒಳಗುಣವೂ ಬೇರೆ. ಒಂದಕ್ಕೆ ಮಾಡಿದ ಕಂಟ್ರೋಲರಿಗೆ ಇನ್ನೊಂದನ್ನು ಜೋಡಿಸಬಾರದು.

ವೈರಿಂಗ್: ಎರಡು ತಪ್ಪು, ಎರಡೂ ದುಬಾರಿ

ಮೊದಲ ತಪ್ಪು, ಸೆನ್ಸರಿನ ಹೀಟರಿಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡುವುದು. 4.9 ಜಾತಿ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುವಂಥದ್ದು. ಅಷ್ಟು ಬಿಸಿಗೆ ಏರಿಸಿ ಅಲ್ಲೇ ನಿಲ್ಲಿಸಲು ಕಂಟ್ರೋಲರ್ ಕರೆಂಟನ್ನು ಕತ್ತರಿಸಿ ಕತ್ತರಿಸಿ ಕೊಡುತ್ತದೆ. ನೇರ ಕೊಟ್ಟರೆ ಹೀಟರ್ ಸುಟ್ಟುಹೋಗುತ್ತದೆ. ನ್ಯಾರೋಬ್ಯಾಂಡಿಗೆ ಮಲ್ಟಿಮೀಟರ್ ಹಿಡಿದು ನೋಡುವ ಹಾಗೆ ಇದಕ್ಕೆ ಹಿಡಿದು ನೋಡಲೂ ಬರುವುದಿಲ್ಲ, ಕಂಟ್ರೋಲರ್ ಇಲ್ಲದೆ ಇದು ಮೂಕ.

ಎರಡನೆಯದು, ವೈರ್ ಉದ್ದ ಸಾಲದೆಂದು ಕನೆಕ್ಟರ್ ಕತ್ತರಿಸಿ ಬೆಸುಗೆ ಹಾಕುವುದು. ಕಾರ್ಖಾನೆಯಲ್ಲಿ ಪ್ರತಿ ಸೆನ್ಸರನ್ನೂ ಪರೀಕ್ಷಿಸಿ, ಅದಕ್ಕೆ ತಕ್ಕ ರೆಸಿಸ್ಟರನ್ನು ಆ ಕನೆಕ್ಟರಿನೊಳಗೇ ಇಟ್ಟಿರುತ್ತಾರೆ. ಕನೆಕ್ಟರ್ ಹೋದರೆ ಸೆನ್ಸರಿನ ಜಾತಕವೇ ಹೋದಂತೆ. ಉದ್ದ ಬೇಕಿದ್ದರೆ ಕಿಟ್ಟಿನವರ ಎಕ್ಸ್‌ಟೆನ್ಷನ್ ಕೇಬಲ್ ಬಳಸಿ.

ಕಂಟ್ರೋಲರಿನ ಪ್ಲಸ್ ಇಗ್ನಿಷನ್ ಕೀಯಿಂದ ಬರುವ ಲೈನಿಗೆ, ನಡುವೆ ಕಿಟ್ಟಿನಲ್ಲಿ ಹೇಳಿದ ಅಳತೆಯ ಫ್ಯೂಸ್. ಹೀಟರ್ ಕಾಯುವ ಮೊದಲ ಅರ್ಧ ನಿಮಿಷ ಕರೆಂಟ್ ಹೆಚ್ಚು ಎಳೆಯುವುದರಿಂದ ಸಣ್ಣ ಬೈಕಿನ ದಣಿದ ಬ್ಯಾಟರಿ ಸಾಲದೆ ಮೀಟರ್ ಆಫ್ ಆಗಿ ಆನ್ ಆಗುತ್ತಿರುತ್ತದೆ. 6 ವೋಲ್ಟಿನ ಹಳೆ ಗಾಡಿಗಾದರೆ ಬೇರೆಯೇ ಒಂದು 12 ವೋಲ್ಟ್ ಬ್ಯಾಟರಿಯನ್ನು ಸೀಟಿನ ಮೇಲೆ ಕಟ್ಟಿಕೊಂಡು ಹೋಗುವುದೇ ಸರಿ. ಅರ್ತಿಂಗ್ ವಿಷಯದಲ್ಲಿ ಸೋಮಾರಿತನ ಬೇಡ. ಕಂಟ್ರೋಲರ್ ಒಂದು ಕಡೆ, ಸಂಖ್ಯೆಗಳನ್ನು ಬರೆದಿಡುವ ಲಾಗರ್ ಇನ್ನೊಂದು ಕಡೆ ಅರ್ತ್ ಆದರೆ ನಡುವೆ 0.1 ವೋಲ್ಟ್ ವ್ಯತ್ಯಾಸ ಸುಲಭವಾಗಿ ಬರುತ್ತದೆ. 0ರಿಂದ 5 ವೋಲ್ಟಿನಲ್ಲಿ ಎ.ಎಫ್.ಆರ್. 10ರಿಂದ 20ನ್ನು ತೋರಿಸುವ ಸಾಧನದಲ್ಲಿ ಅಷ್ಟಕ್ಕೇ 0.2 ತಪ್ಪಾಗುತ್ತದೆ.

ಪೈಪಿನಲ್ಲಿ ಎಲ್ಲಿ, ಹೇಗೆ

ಸೆನ್ಸರಿನ ಮರೆ (ಥ್ರೆಡ್) ಎಂ18, ಅಂದರೆ 18 ಎಂಎಂ ವ್ಯಾಸದ್ದು, ಪಿಚ್ 1.5. ಅದಕ್ಕೆ ಒಳಮರೆ ಇರುವ ದಪ್ಪ ಉಂಗುರವೊಂದನ್ನು ಲೇತಿನಲ್ಲಿ ತಿರುವಿಸಿ, ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಬೆಂಡ್ ಪೈಪಿಗೆ ವೆಲ್ಡ್ ಮಾಡಬೇಕು. ಇದಕ್ಕೆ ಬಂಗ್ ಎನ್ನುತ್ತಾರೆ. ಗ್ಯಾರೇಜಿನಲ್ಲಿ "ಸೆನ್ಸರ್ ನಟ್" ಅಂದರೂ ಅರ್ಥವಾಗುತ್ತದೆ. ವೆಲ್ಡ್ ಮಾಡುವಾಗ ಸೆನ್ಸರ್ ಅದರಲ್ಲಿ ಇರಲೇಬಾರದು. ಬದಲಿಗೆ ಅದೇ ಮರೆಯ ಬೋಲ್ಟೊಂದನ್ನು ತಿರುಗಿಸಿಟ್ಟರೆ ಬಿಸಿಗೆ ಉಂಗುರ ಸೊಟ್ಟಗಾಗುವುದಿಲ್ಲ. ಆರಿದ ಮೇಲೆ ಒಮ್ಮೆ ಟ್ಯಾಪ್ ಹಾಯಿಸಿ. ಕ್ರೋಮ್ ಪೈಪಾದರೆ ವೆಲ್ಡ್ ಬೀಳುವ ಜಾಗದ ಕ್ರೋಮನ್ನು ಮೊದಲು ಉಜ್ಜಿ ತೆಗೆಯಬೇಕು. ಅದರ ಹೊಗೆ ಶ್ವಾಸಕ್ಕೆ ಒಳ್ಳೆಯದಲ್ಲ, ವೆಲ್ಡೂ ಸರಿಯಾಗಿ ಹಿಡಿಯುವುದಿಲ್ಲ. ಪೈಪನ್ನು ಗಾಡಿಯಿಂದ ಬಿಚ್ಚಿ ವೆಲ್ಡ್ ಮಾಡಿಸುವುದೇ ಕ್ಷೇಮ. ಬಿಚ್ಚಲಾಗದಿದ್ದರೆ ಬ್ಯಾಟರಿ ಮತ್ತು ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಪೆಟ್ಟಿಗೆ) ಕನೆಕ್ಷನ್ ತೆಗೆದಿಡಿ.

ಜಾಗದ ಬಗ್ಗೆ ಮೂರು ಮಾತು. ತೀರ ಎಂಜಿನ್ನಿನ ಬಾಯಿಗೆ ಹತ್ತಿರವಾದರೆ ಸೆನ್ಸರ್ ಅತಿಯಾಗಿ ಕಾಯುತ್ತದೆ. ತೀರ ಸೈಲೆನ್ಸರಿನ ತುದಿಗೆ ಹತ್ತಿರವಾದರೆ ಹೊರಗಾಳಿ ಹಿಂದಕ್ಕೆ ಸೇದಿಕೊಂಡು ಬಂದು ಸುಳ್ಳು ಲೀನ್ ತೋರಿಸುತ್ತದೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಅದಕ್ಕಿಂತ ಮುಂಚೆಯೇ ಕೂರಬೇಕು. ಕಾರು ಜೀಪುಗಳಲ್ಲಿ ಎಂಜಿನ್ನಿನಿಂದ ಎರಡು ಅಡಿ ದೂರ ಒಳ್ಳೆಯ ಅಂದಾಜು. ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಬೆಂಡ್ ಪೈಪು ಸೈಲೆನ್ಸರ್ ಸೇರುವ ಮುಂಚಿನ ಭಾಗ ಸಾಮಾನ್ಯವಾಗಿ ಸರಿಬರುತ್ತದೆ. ಸಣ್ಣ ಬೈಕಿನ ಪೈಪು ಕಿರಿದು, ಸೆನ್ಸರಿನ ಮೂತಿಯೇ ದಾರಿಗೆ ಅಡ್ಡವಾಗುತ್ತದೆ. ಬಂಗನ್ನು ತುಸು ಎತ್ತರ ತಿರುವಿಸಿ, ಮೂತಿಯ ರಂಧ್ರಗಳಷ್ಟೇ ಹೊಗೆಗೆ ಸಿಗುವಂತೆ ಮಾಡಿ.

ಇನ್ನು ಓರೆ. ಪೈಪನ್ನು ಗಡಿಯಾರದ ಮುಖ ಎಂದುಕೊಂಡರೆ ಸೆನ್ಸರ್ 10 ಗಂಟೆಯಿಂದ 2 ಗಂಟೆಯ ನಡುವೆ ಇರಬೇಕು, ಮೂತಿ ಕೆಳಕ್ಕೆ. ಅಡ್ಡ ಮಲಗಿಸಬಾರದು, ಪೈಪಿನ ಅಡಿಗಂತೂ ಹಾಕಲೇಬಾರದು. ಬಿಗಿಯುವುದು 40ರಿಂದ 60 ನ್ಯೂಟನ್ ಮೀಟರ್. ಮರೆ ಕಚ್ಚಿಕೊಳ್ಳದಂತೆ ಹಚ್ಚುವ ಆಂಟಿಸೀಜ್ ಗ್ರೀಸ್ ಮರೆಗೆ ಮಾತ್ರ, ಮೂತಿಗೆ ತಾಗಬಾರದು.

ನೀರು, ಮಲೆನಾಡಿನ ದೊಡ್ಡ ಶತ್ರು

ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ. ಬಿಸಿಯಲ್ಲಿ ಆವಿಯಾಗಿ ಹೋಗುವುದರಿಂದ ನಮಗೆ ಕಾಣುವುದಿಲ್ಲ. ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಜುಲೈ ತಿಂಗಳ ಬೆಳಿಗ್ಗೆ ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿ ನೋಡಿ, ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಅದೇ ನೀರು. ಕೆಂಪಗೆ ಕಾದ ಪಿಂಗಾಣಿಗೆ ಅದರ ಒಂದು ಹನಿ ತಾಗಿದರೆ ಸಾಕು, ಕಾದ ಕಾವಲಿಗೆ ಬಿದ್ದ ನೀರಿನಂತೆ ಚಟ್ ಎಂದು ಆರುತ್ತದೆ. ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು ಬಿಡುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಮೀಟರಿನ ಸಂಖ್ಯೆ ಮಾತ್ರ ಅಂದಿನಿಂದ ಹುಚ್ಚುಹುಚ್ಚಾಗಿ ಕುಣಿಯುತ್ತದೆ.

ಸೆನ್ಸರ್ ಪೈಪಿನ ಮೇಲ್ಬದಿಯಲ್ಲಿರಬೇಕು ಎನ್ನುವುದು ಇದೇ ಕಾರಣಕ್ಕೆ, ನೀರು ಕೆಳಗೆ ಹರಿದುಹೋಗಲಿ ಎಂದು. ಕೀ ಆನ್ ಮಾಡಿ ಮಾತಾಡುತ್ತ ನಿಂತು, ಸೆನ್ಸರ್ ಪೂರ್ತಿ ಕಾದ ಮೇಲೆ ಕಿಕ್ ಹೊಡೆಯಬೇಡಿ. ಕೀ ಹಾಕಿದ ಕೂಡಲೇ ಸ್ಟಾರ್ಟ್ ಮಾಡಿ. ಕಂಟ್ರೋಲರಿಗೆ ಬೇರೆ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು: ಎಂಜಿನ್ ಒಂದೆರಡು ನಿಮಿಷ ಓಡಿ ಪೈಪ್ ಒಣಗಿದ ಮೇಲೆ ಸ್ವಿಚ್ ಹಾಕಿ. ಹಾಗೆಂದು ಮೀಟರ್ ಬೇಡ ಎಂದಾಗ ಸೆನ್ಸರನ್ನು ಕರೆಂಟಿಲ್ಲದೆ ಪೈಪಿನಲ್ಲೇ ಬಿಟ್ಟು ದಿನಗಟ್ಟಲೆ ಓಡಿಸಬಾರದು. ತಣ್ಣಗಿನ ಸೆನ್ಸರಿಗೆ ಮಸಿ ಹಿಡಿದು ರಂಧ್ರ ಕಟ್ಟಿಕೊಳ್ಳುತ್ತದೆ.

ಓಡಿಸಿ ಓದುವುದು

ಹೊರಡುವ ಮುನ್ನ ಒಂದು ಪರೀಕ್ಷೆ. ಸೆನ್ಸರನ್ನು ಪೈಪಿನಿಂದ ಹೊರಗಿಟ್ಟು, ಪೆಟ್ರೋಲ್ ವಾಸನೆಯಿಲ್ಲದ ಬಯಲಲ್ಲಿ ಕರೆಂಟ್ ಕೊಡಿ, ಕೈ ತಾಗಿಸಬೇಡಿ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 20.9 ಪಾಲು. ಮೀಟರ್ ಪೂರ್ತಿ ಲೀನ್ ಕೊನೆಗೆ ಹೋಗಿ ಸ್ಥಿರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ಸೆನ್ಸರ್ ಹಾಳು ಅಥವಾ ನಕಲಿ. 4.2 ಜಾತಿಗೆ ಕ್ಯಾಲಿಬ್ರೇಷನ್ ಮಾಡುವುದೂ ಹೀಗೆಯೇ, ಬಯಲ ಗಾಳಿಯಲ್ಲಿ.

ಗಾಳಿ ತಂಪಿನ, ಟರ್ಬೋ ಇಲ್ಲದ ಫೋರ್‌ಸ್ಟ್ರೋಕ್ ಪೆಟ್ರೋಲ್ ಗಾಡಿಗೆ ಈ ಗುರಿ ಸಾಕು: ಐಡಲಿನಲ್ಲಿ (ಆಕ್ಸಿಲರೇಟರ್ ಕೊಡದೆ ನಿಂತಲ್ಲೇ ಓಡುವಾಗ) 0.92ರಿಂದ 1.00, ಸಮತಟ್ಟು ರಸ್ತೆಯ ನಿಧಾನ ಓಟದಲ್ಲಿ 0.97ರಿಂದ 1.03, ಫುಲ್ ಥ್ರಾಟಲ್ಲಿನಲ್ಲಿ 0.86ರಿಂದ 0.90. ಫುಲ್ ಥ್ರಾಟಲ್ಲಿನಲ್ಲಿ 1ಕ್ಕೆ ಹತ್ತಿರ ಓಡಿಸುವುದು ಪಿಸ್ಟನ್ನಿಗೆ ಅಪಾಯ. ಆಗ ಹೆಚ್ಚಿಗೆ ಹೋಗುವ ಪೆಟ್ರೋಲ್ ಉರಿಯಲಿಕ್ಕಿಂತ ತಂಪು ಮಾಡಲಿಕ್ಕೆ.

ಕಾರ್ಬ್ಯುರೇಟರಿನಲ್ಲಿ ಯಾವ ಭಾಗ ಮುಟ್ಟಬೇಕು ಎಂಬುದು ಥ್ರಾಟಲ್ ಎಷ್ಟು ತೆರೆದಿದೆ ಎಂಬುದರ ಮೇಲೆ. ಥ್ರಾಟಲ್ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ (ನಿಧಾನ ಓಟದ ಪುಟ್ಟ ಜೆಟ್) ಮತ್ತು ಅದರ ಸ್ಕ್ರೂ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ತೂತಿನೊಳಗೆ ಏರಿಳಿಯುವ ಸೂಜಿ), ಅದರ ಮೇಲೆ ಮೇನ್ ಜೆಟ್. ಹಿಡಿಕೆಗೆ ಬಿಳಿ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಹಾಕಿ. ಒಂದೊಂದು ಗೆರೆಯಲ್ಲೂ ಮೂರರಿಂದ ಐದು ಸೆಕೆಂಡ್ ಅಲುಗದೆ ಹಿಡಿದು, ಆಮೇಲಿನ ಸಂಖ್ಯೆ ತೆಗೆದುಕೊಳ್ಳಿ. ಹೊಗೆ ಪೈಪಿನಲ್ಲಿ ಸೆನ್ಸರ್ ತಲುಪಲು ಸಮಯ ಬೇಕು. ಥ್ರಾಟಲ್ ತಿರುವಿದ ಗಳಿಗೆಯ ಸಂಖ್ಯೆ ಹಿಂದಿನ ಗಳಿಗೆಯದ್ದು. ಹೀಗೆ ಹಿಡಿದಿಡಲು ಘಾಟಿಯ ಏರಿನಂಥ ಜಾಗ ಇನ್ನೊಂದಿಲ್ಲ, ಎಂಜಿನ್ನಿಗೆ ಒಂದೇ ಸಮ ಲೋಡ್ ಬೀಳುತ್ತದೆ. ಆದರೆ ಆಗುಂಬೆಯ ತಿರುವಿನಲ್ಲಿ ಮೀಟರ್ ನೋಡುತ್ತ ಗಾಡಿ ಓಡಿಸುವ ಕೆಲಸ ಬೇಡ. ಹಿಂದೆ ಕೂತವರು ಓದಲಿ, ಇಲ್ಲವೇ ಲಾಗರ್ ಬರೆದುಕೊಳ್ಳಲಿ.

ಉದಾಹರಣೆಗೆ, ಫುಲ್ ಥ್ರಾಟಲ್ಲಿನಲ್ಲಿ 0.95 ಬಂತು, ಬೇಕಾದ್ದು 0.88. ನೂರಕ್ಕೆ ಎಂಟು ಪಾಲು ಹೆಚ್ಚು ಪೆಟ್ರೋಲ್ ಬೇಕು. ತೂತಿನ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ ವ್ಯಾಸ ನಾಲ್ಕು ಪಾಲು ಹೆಚ್ಚಿದರೆ ಸಾಕು. ಜೆಟ್ಟಿನ ಸಂಖ್ಯೆ ವ್ಯಾಸವನ್ನೇ ಹೇಳುವ ಜಾತಿಯಾದರೆ 100 ಇದ್ದಲ್ಲಿ 104ರ ಸುತ್ತ, ಅಂಗಡಿಯಲ್ಲಿ ಸಿಗುವುದು 105. ಸಂಖ್ಯೆ ಹರಿವನ್ನು ಹೇಳುವ ಜಾತಿಯಾದರೆ ನೇರವಾಗಿ ಎಂಟು ಪಾಲು ಏರಿಸಬೇಕು. ಎರಡು ಕಂಪನಿಯ ಜೆಟ್ಟುಗಳ ಸಂಖ್ಯೆಯನ್ನು ಹೋಲಿಸಬಾರದು ಎನ್ನುವುದು ಇದಕ್ಕೇ. ನೀಡಲ್ಲಿನಲ್ಲಾದರೆ ಕ್ಲಿಪ್ ಒಂದು ಕಚ್ಚು ಕೆಳಕ್ಕೆ ಹಾಕಿದರೆ ನೀಡಲ್ ಮೇಲೇಳುತ್ತದೆ, ರಿಚ್ ಆಗುತ್ತದೆ. ಪೈಲಟ್ ಸ್ಕ್ರೂ ತಿರುಗಿಸುವ ಮುಂಚೆ ಅದು ಯಾವ ಬದಿಗಿದೆ ನೋಡಿ: ಏರ್ ಫಿಲ್ಟರ್ ಬದಿಗಿದ್ದರೆ ಗಾಳಿಯ ಸ್ಕ್ರೂ, ಬಿಚ್ಚಿದರೆ ಲೀನ್. ಎಂಜಿನ್ ಬದಿಗಿದ್ದರೆ ಪೆಟ್ರೋಲಿನದು, ಬಿಚ್ಚಿದರೆ ರಿಚ್. ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಪುಸ್ತಕದಲ್ಲಿ ಬರೆದುಕೊಂಡೇ.

ಮೀಟರ್ ಸುಳ್ಳು ಹೇಳುವಾಗ

ಎಲ್ಲರನ್ನೂ ಏಮಾರಿಸುವುದು ಮಿಸ್‌ಫೈರ್. ಮಿಶ್ರಣ ತೀರ ರಿಚ್ ಆಗಿಯೋ ಪ್ಲಗ್ ಸೋತೋ ಒಂದು ಸಲ ಬೆಂಕಿ ಹತ್ತದೆ ಹೋದರೆ, ಒಳಗೆ ಹೋದ ಗಾಳಿಯೆಲ್ಲ ಉರಿಯದೆ ಪೈಪಿಗೆ ಬರುತ್ತದೆ. ಸೆನ್ಸರಿಗೆ ಕಾಣುವುದು ಆಮ್ಲಜನಕ, ಹೇಳುವುದು ಲೀನ್. ಅದನ್ನು ನಂಬಿ ಜೆಟ್ ಏರಿಸಿದರೆ ಇನ್ನಷ್ಟು ಮಿಸ್, ಇನ್ನಷ್ಟು "ಲೀನ್". ಇದನ್ನು ಹಿಡಿಯುವ ಸುಲಭ ಉಪಾಯ ಚೋಕ್, ಅಂದರೆ ಮಿಶ್ರಣವನ್ನು ತಾತ್ಕಾಲಿಕವಾಗಿ ರಿಚ್ ಮಾಡುವ ಹಿಡಿ. ಅದೇ ಸ್ಥಿತಿಯಲ್ಲಿ ಚೋಕನ್ನು ತುಸು ಎಳೆಯಿರಿ. ನಿಜವಾಗಿ ಲೀನ್ ಇದ್ದರೆ ಎಂಜಿನ್ ಸುಧಾರಿಸುತ್ತದೆ, ಇಲ್ಲದಿದ್ದರೆ ಇನ್ನೂ ಕೆಡುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಕಾರ್ಬ್ಯುರೇಟರಿನ ಬೌಲ್ ಬಿಚ್ಚಿ ತಳದಲ್ಲಿ ನೀರಿದೆಯೇ ಎಂದೂ ನೋಡಿ, ಎಥನಾಲ್ ನೀರನ್ನು ಬಹಳ ಬೇಗ ಹೀರುತ್ತದೆ.

ಎರಡನೆಯದು ಸೋರಿಕೆ. ಪೈಪಿನ ಜಾಯಿಂಟಿನಿಂದ ಹೊಗೆ ಹೊರಗೆ ಬರುವುದಷ್ಟೇ ನಮಗೆ ಕಾಣುತ್ತದೆ. ಆದರೆ ಎಂಜಿನ್ನಿನ ಒಂದೊಂದು ಏಟಿನ ನಡುವೆಯೂ ಪೈಪಿನೊಳಗೆ ಒತ್ತಡ ಕುಸಿದು, ಅದೇ ಸಂದಿನಿಂದ ಗಾಳಿ ಒಳಸೇರುತ್ತದೆ. ಸಿಂಗಲ್ ಸಿಲಿಂಡರಿನಲ್ಲಿ, ಅದರಲ್ಲೂ ಐಡಲಿನಲ್ಲಿ, ಇದು ಜೋರು. ಸೈಲೆನ್ಸರಿನ ತುದಿಗೆ ಒದ್ದೆ ಬಟ್ಟೆ ಒತ್ತಿ, ಜಾಯಿಂಟಿಗೆ ಸೋಪು ನೀರು ಹಚ್ಚಿದರೆ ಗುಳ್ಳೆ ಹೇಳುತ್ತದೆ. ಸರಿಪಡಿಸಲು ಸಿಲಿಕೋನ್ ಸೀಲೆಂಟ್ ಮೆತ್ತಬೇಡಿ. ಸಿಲಿಕೋನ್ ಆವಿ ಸೆನ್ಸರಿಗೆ ವಿಷ. ಹೊಸ ಗ್ಯಾಸ್ಕೆಟ್ ಹಾಕಿ.

ಘಾಟಿ ಇಳಿಯುವಾಗ ಥ್ರಾಟಲ್ ಬಿಟ್ಟರೆ ಮೀಟರ್ ಪೂರ್ತಿ ಲೀನ್ ತೋರಿಸಬಹುದು. ಅದಕ್ಕೆ ಗಾಬರಿ ಬೇಡ. ಉರಿಯುವುದೇ ಇಲ್ಲದಾಗ ಹದದ ಮಾತೆಲ್ಲಿ.

ಆರ್‌ಎಕ್ಸ್ 100 ಮತ್ತಿತರ ಟೂ ಸ್ಟ್ರೋಕ್ ಗಾಡಿಗಳ ಅಭಿಮಾನಿಗಳಿಗೆ ಬೇಸರದ ಸುದ್ದಿ ಇದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣದ ಒಂದು ಪಾಲು ಉರಿಯುವ ಮೊದಲೇ ನೇರವಾಗಿ ಪೈಪಿಗೆ ನುಸುಳಿಬಿಡುತ್ತದೆ. ಅದರ ಆಮ್ಲಜನಕವೂ ಸೆನ್ಸರಿಗೆ ಕಾಣುವುದರಿಂದ ಸಂಖ್ಯೆ ನಿಜಕ್ಕಿಂತ ಲೀನ್ ಬರುತ್ತದೆ, ಎಷ್ಟು ಎಂಬುದು ಆರ್‌ಪಿಎಂ ಬದಲಾದಂತೆ ಬದಲಾಗುತ್ತದೆ. ಜೊತೆಗೆ ಆಯಿಲ್ ಹೊಗೆ ಸೆನ್ಸರಿನ ಆಯಸ್ಸನ್ನೇ ಕಡಿಮೆ ಮಾಡುತ್ತದೆ. ನಿನ್ನೆಗೂ ಇಂದಿಗೂ ಹೋಲಿಸಲು ಮಾತ್ರ ಅದನ್ನು ಬಳಸಬಹುದು, ಅಳತೆ ಎಂದು ನಂಬಬಾರದು. ಅವರಿಗೆ ಪ್ಲಗ್ ನೋಡುವುದೇ ಈಗಲೂ ಮೇಲು. ಕೊಡಚಾದ್ರಿ ಹತ್ತುವ ಡೀಸೆಲ್ ಜೀಪುಗಳ ಲೆಕ್ಕವೇ ಬೇರೆ. ಡೀಸೆಲ್ ಸದಾ ಲೀನ್ ಓಡುವ ಎಂಜಿನ್, ಮೇಲಿನ ಗುರಿಗಳು ಅದಕ್ಕೆ ಹೊಂದುವುದಿಲ್ಲ.

ಘಾಟಿ ಹತ್ತಿದರೆ ಟ್ಯೂನ್ ಕೆಡುತ್ತದೆಯೇ

ಕೆಡುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. ನೂರು ಮೀಟರ್ ಮೇಲೇರಿದರೆ ಗಾಳಿಯ ಸಾಂದ್ರತೆ ಸುಮಾರು ನೂರಕ್ಕೆ ಒಂದು ಪಾಲು ಇಳಿಯುತ್ತದೆ. ಕಾರ್ಬ್ಯುರೇಟರಿನಲ್ಲಿ ಗಾಳಿ ತೆಳುವಾದಾಗ ಪೆಟ್ರೋಲ್ ಸೆಳೆಯುವ ಬಲವೂ ಕಡಿಮೆಯಾಗುವುದರಿಂದ, ಮಿಶ್ರಣ ರಿಚ್ ಆಗುವುದು ಅದರ ಅರ್ಧದಷ್ಟು ಮಾತ್ರ. ಸೋಮೇಶ್ವರದ ಬುಡದಿಂದ ಆಗುಂಬೆಗೆ ಏರಿಕೆ ಅರ್ಧ ಕಿಲೋಮೀಟರಿನಷ್ಟು. ಸಾಂದ್ರತೆ ಐದು ಪಾಲು ಇಳಿದರೆ 0.90 ಇದ್ದದ್ದು 0.88 ಆಗುತ್ತದೆ. ಬೆಳಗಿನ 15 ಡಿಗ್ರಿಗೂ ಮಧ್ಯಾಹ್ನದ 33 ಡಿಗ್ರಿಗೂ ಇರುವ ವ್ಯತ್ಯಾಸವೂ ಸುಮಾರು ಅಷ್ಟೇ ತರುತ್ತದೆ. ಬಂಕಿನ ಇ20 ತಂದ ಏಳು ಪಾಲು ಇವೆರಡಕ್ಕಿಂತ ದೊಡ್ಡದು. ತಮಾಷೆಯೆಂದರೆ 570 ಮೀಟರ್ ಎತ್ತರದ ಶಿವಮೊಗ್ಗದಿಂದ 1930 ಮೀಟರಿನ ಮುಳ್ಳಯ್ಯನಗಿರಿಗೆ ಹೋದರೆ ಎತ್ತರ ತರುವ ರಿಚ್ ಮತ್ತು ಇ20 ತರುವ ಲೀನ್ ಹೆಚ್ಚುಕಡಿಮೆ ವಜಾ ಆಗಿಹೋಗುತ್ತವೆ. ಹಾಗಾಗಿ ದಿನವೂ ಓಡಿಸುವ ಊರಿನಲ್ಲಿ, ದಿನವೂ ಓಡಿಸುವ ಹೊತ್ತಿನಲ್ಲಿ ಟ್ಯೂನ್ ಮಾಡಿಕೊಳ್ಳಿ.

ಬಿಎಸ್6 ಗಾಡಿಗೆ ಬೇಕೇ

ಹೆಚ್ಚಿನವರಿಗೆ ಬೇಡ. ಬಿಎಸ್6 ಎಂಬ ಹೊಗೆ ನಿಯಮ ಜಾರಿಯಾದ 2020ರ ಏಪ್ರಿಲ್ ನಂತರದ ಇಂಜೆಕ್ಷನ್ ಗಾಡಿಗಳಲ್ಲಿ ಸೆನ್ಸರೂ ಕಂಪ್ಯೂಟರೂ ಇರುವುದರಿಂದ ಸಾದಾ ಓಟದಲ್ಲಿ ಪೆಟ್ರೋಲಿನ ಅಳತೆಯನ್ನು ಗಾಡಿಯೇ ಸರಿಹೊಂದಿಸಿಕೊಳ್ಳುತ್ತದೆ. ಕಂಪನಿಯ ಸೆನ್ಸರ್ ಬಿಚ್ಚಿ ಆ ಜಾಗಕ್ಕೆ ವೈಡ್‌ಬ್ಯಾಂಡ್ ಹಾಕಿದರೆ ಎಂಜಿನ್ ಲೈಟ್ ಹತ್ತುವುದು, ವಾರಂಟಿ ಹೋಗುವುದು, ಇಷ್ಟೇ ಲಾಭ. ಎಮಿಷನ್ ಸರ್ಟಿಫಿಕೇಟಿಗೂ ಈ ಮೀಟರಿಗೂ ಸಂಬಂಧವಿಲ್ಲ. ಅಲ್ಲಿ ಮುಖ್ಯವಾಗಿ ಅಳೆಯುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್, ಅದೂ ಅವರದೇ ಯಂತ್ರದಲ್ಲಿ.

ಕಾರ್ಬ್ಯುರೇಟರ್ ಗಾಡಿಯವರಿಗೂ ಸೆನ್ಸರ್ ಸದಾ ಪೈಪಿನಲ್ಲಿರಬೇಕಿಲ್ಲ. ನಾಲ್ಕು ಸ್ನೇಹಿತರು ಸೇರಿ ಒಂದು ಕಿಟ್ ಕೊಂಡು, ಪ್ರತಿ ಗಾಡಿಗೂ ಒಂದು ಬಂಗ್ ವೆಲ್ಡ್ ಮಾಡಿಸಿಕೊಂಡರೆ ಸಾಕು. ಟ್ಯೂನ್ ಮುಗಿದ ಮೇಲೆ ಪೈಪ್ ಆರಿದಾಗ 22 ಎಂಎಂ ಸ್ಪ್ಯಾನರಿನಲ್ಲಿ ಸೆನ್ಸರ್ ಬಿಚ್ಚಿ, ಲೇತಿನಲ್ಲೇ ತಿರುವಿಸಿದ ಎಂ18 ಪ್ಲಗ್ಗಿಗೆ ತಾಮ್ರದ ವೈಸರ್ ಹಾಕಿ ಬಿಗಿಯಿರಿ. ಸೆನ್ಸರನ್ನು ಒಣ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ. ಎರಡಡಿ ಎತ್ತರದಿಂದ ನೆಲಕ್ಕೆ ಬಿದ್ದ ಸೆನ್ಸರನ್ನು ಬಯಲ ಗಾಳಿಯ ಪರೀಕ್ಷೆ ಮಾಡದೆ ಮುಂದಿನ ಗಾಡಿಗೆ ಹಾಕಬೇಡಿ.